ಕುದುರೆಗಳ ಫೋಟೊಗ್ರಫಿಗೆ ಮೊದಲ ಗಂಭೀರ ಕ್ಯಾಮೆರಾ: ಮೊದಲು ಅಂತರ, ಆಮೇಲೆ ಲೆನ್ಸ್, ಕೊನೆಗೆ ಬಾಡಿ

ಕುದುರೆಗಳ ಚಿತ್ರ ತೆಗೆಯಲೆಂದೇ ಉಳಿತಾಯದ ಹಣ ಹಾಕಿ ಕ್ಯಾಮೆರಾ ಕೊಂಡವರು ಕೆಲವೇ ವಾರಗಳಲ್ಲಿ ಒಂದೇ ಬಗೆಯ ದೂರು ಹೇಳುತ್ತಾರೆ. ನಿಂತ ಕುದುರೆ ಸೊಗಸಾಗಿ ಬರುತ್ತದೆ; ಅದು ಓಡತೊಡಗಿದೊಡನೆ ಕಾಲುಗಳು ಮಸುಕಾಗುತ್ತವೆ, ಇಲ್ಲವೇ ಕುದುರೆಯನ್ನು ಬಿಟ್ಟು ಹಿಂದಿನ ಬೇಲಿಗೆ ಫೋಕಸ್ ಕೂರುತ್ತದೆ, ಇವೆರಡೂ ಸರಿಹೋದರೆ ದೊಡ್ಡ ಮೈದಾನದ ನಡುವೆ ಕುದುರೆ ಗುರುತಿಗೆ ಸಿಗದಷ್ಟು ಚಿಕ್ಕದಾಗಿ ಕಾಣುತ್ತದೆ. ಆಗ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಿಸುವ ಯೋಚನೆ ಶುರುವಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಬಾಡಿಯದಲ್ಲ, ಕೊಂಡ ಕ್ರಮದ್ದು. ಮೊದಲು ಬಾಡಿ ಬಂತು, ಅದರೊಂದಿಗೆ ಕಿಟ್ ಲೆನ್ಸ್ (ಬಾಡಿಯ ಜೊತೆಗೇ ಮಾರುವ ಲೆನ್ಸ್) ಬಂತು, ಎಲ್ಲಿ ನಿಂತು ತೆಗೆಯಬೇಕೆಂಬ ಪ್ರಶ್ನೆ ಕೊನೆಗೆ ಬಂತು. ಇಲ್ಲಿ ಆ ಕ್ರಮವನ್ನು ತಿರುಗಿಸಲಾಗಿದೆ. ಹಂತಗಳನ್ನು ಕೊಟ್ಟಿರುವ ಸರಣಿಯಲ್ಲೇ ಮುಗಿಸಿ. ನಾಲ್ಕನೆಯ ಹಂತ ದಾಟುವ ತನಕ ಯಾವ ಬಾಡಿಯ ಹೆಸರನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬೇಕಾಗುವ ಸಾಮಗ್ರಿ ಕಡಿಮೆ: ಒಂದು ನೋಟ್ ಪುಸ್ತಕ, ಅಂತರ ಅಳೆಯಲು ಟೇಪ್ ಅಥವಾ ನಿಮ್ಮದೇ ಹೆಜ್ಜೆಯ ಲೆಕ್ಕ, ಕ್ಯಾಲ್ಕುಲೇಟರ್, ಮತ್ತು ಎಂಟನೆಯ ಹಂತದಲ್ಲಿ ಒಂದೆರಡು ದಿನದ ಕ್ಯಾಮೆರಾ ಬಾಡಿಗೆಗೆ ಸಾಕಾಗುವಷ್ಟು ಹಣ.

ಹಂತ 1: ನಿಲ್ಲುವ ಜಾಗ, ಅಂತರ ಮತ್ತು ಬೆಳಕನ್ನು ಬರೆದಿಟ್ಟುಕೊಳ್ಳಿ

ಮುಂದಿನ ಒಂದು ವರ್ಷದಲ್ಲಿ ನಿಜವಾಗಿ ಯಾವ ಕುದುರೆಗಳ ಮುಂದೆ ನಿಲ್ಲಲಿದ್ದೀರಿ ಎಂಬುದನ್ನು ಮೊದಲು ಬರೆಯಿರಿ. ರೈಡಿಂಗ್ ಸ್ಕೂಲಿನ ಅಂಗಳ, ಶೋ ಜಂಪಿಂಗ್ ಸ್ಪರ್ಧೆ, ಬೆಂಗಳೂರು ಅಥವಾ ಮೈಸೂರಿನ ರೇಸ್ ಕೋರ್ಸ್, ಕುಣಿಗಲ್ ಸ್ಟಡ್ ಫಾರ್ಮ್‌ನಂಥ ತಳಿ ಕೇಂದ್ರ, ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸರು, ಇವೆಲ್ಲ ಕುದುರೆಯ ಚಿತ್ರಗಳೇ ಆದರೂ ಒಂದೊಂದೂ ಬೇರೆ ಉಪಕರಣ ಕೇಳುವ ಕೆಲಸ. ಎಲ್ಲವನ್ನೂ ಮಾಡುತ್ತೇನೆ ಎಂದು ಬರೆದವರು ಯಾವುದಕ್ಕೂ ಹೊಂದದ ಲೆನ್ಸ್ ಕೊಳ್ಳುತ್ತಾರೆ. ಅತಿ ಹೆಚ್ಚು ಬಾರಿ ಹೋಗುವ ಒಂದು ಜಾಗವನ್ನು ಆರಿಸಿ, ಅದಕ್ಕೆ ಗುರುತು ಹಾಕಿ.

ನಂತರ ಆ ಜಾಗಕ್ಕೆ ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ ಬನ್ನಿ. ನಿಮಗೆ ನಿಲ್ಲಲು ಬಿಡುವ ಕಡೆಯಿಂದ ಕುದುರೆ ಅತಿ ಹತ್ತಿರ ಬಂದಾಗ ಎಷ್ಟು ಮೀಟರ್, ಅತಿ ದೂರ ಹೋದಾಗ ಎಷ್ಟು ಮೀಟರ್ ಎಂಬುದನ್ನು ಬರೆದುಕೊಳ್ಳಿ. ಒಂದು ಖಚಿತ ಉದಾಹರಣೆ ಕೊಡುವುದಾದರೆ, ಪೂರ್ಣ ಅಳತೆಯ ಡ್ರೆಸಾಜ್ (ಕುದುರೆಯ ಶಿಸ್ತಿನ ನಡೆಗಳ ಸವಾರಿ) ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ ಇರುತ್ತದೆ. ಉದ್ದ ಬದಿಯ ಮಧ್ಯಭಾಗದಲ್ಲಿ, ಅಂಚಿನಿಂದ 5 ಮೀಟರ್ ಹಿಂದೆ ನಿಂತರೆ ಹತ್ತಿರದ ಕುದುರೆ 5 ಮೀಟರ್‌ನಲ್ಲಿ, ನೇರ ಎದುರು ಬದಿಯ ಕುದುರೆ 25 ಮೀಟರ್‌ನಲ್ಲಿ, ಎದುರಿನ ಮೂಲೆಯ ಕುದುರೆ ಸುಮಾರು 39 ಮೀಟರ್‌ನಲ್ಲಿ ಇರುತ್ತದೆ. ಈ ಮೂರು ಸಂಖ್ಯೆಗಳು ಮುಂದೆ ಬಹಳ ಹಣ ಉಳಿಸುತ್ತವೆ.

ಬೆಳಕನ್ನೂ ಹೀಗೆಯೇ ಬರೆಯಬೇಕು. ಸವಾರಿ ತರಗತಿಗಳು ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ನಡೆಯುವುದು ರೂಢಿ; ಚಾವಣಿಯಿರುವ ಅಂಗಳವಾದರೆ ಮಧ್ಯಾಹ್ನವೂ ಬೆಳಕು ಕಡಿಮೆ. ಮೈಸೂರಿನ ದಸರೆಯನ್ನೇ ತೆಗೆದುಕೊಂಡರೆ, ಜಂಬೂಸವಾರಿಯ ಕುದುರೆಗಳು ಹಗಲಿನ ಬೆಳಕಿನಲ್ಲಿ ಸಿಗುತ್ತವೆ, ಬನ್ನಿಮಂಟಪದ ಪಂಜಿನ ಕವಾಯತಿನ ಕುದುರೆಗಳು ರಾತ್ರಿಯ ದೀಪಗಳಲ್ಲಿ ಸಿಗುತ್ತವೆ. ಒಂದೇ ದಿನದ ಈ ಎರಡು ಕಾರ್ಯಕ್ರಮಗಳಿಗೆ ಒಂದೇ ಲೆನ್ಸ್ ಸಾಕೆಂದು ಯಾರಾದರೂ ಹೇಳಿದರೆ ಅವರು ಎರಡನ್ನೂ ತೆಗೆದಿಲ್ಲವೆಂದೇ ಭಾವಿಸಿ.

ಎಚ್ಚರಿಕೆ: ರೇಸ್ ಕೋರ್ಸ್ ಮತ್ತು ಸ್ಪರ್ಧಾ ಮೈದಾನಗಳಲ್ಲಿ ದೊಡ್ಡ ಲೆನ್ಸ್ ಒಯ್ಯಲು ಅನುಮತಿ ಬೇಕೇ, ಪ್ರೇಕ್ಷಕರ ಸಾಲಿನಿಂದಷ್ಟೇ ತೆಗೆಯಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ನಿಲ್ಲುವ ಜಾಗ ಬದಲಾದರೆ ಲೆನ್ಸೂ ಬದಲಾಗುತ್ತದೆ.

ಹಂತ 2: ಅಂತರದಿಂದ ಫೋಕಲ್ ಲೆಂಗ್ತ್ ಲೆಕ್ಕ ಹಾಕಿ

ಕುದುರೆಯ ಮೈ ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 2.4 ಮೀಟರ್. ಓಟದಲ್ಲಿ ಕಾಲು ಚಾಚಿದಾಗ ಇನ್ನೂ ಉದ್ದವಾಗುತ್ತದೆ, ಅದರ ಮುಂದೆ ಸ್ವಲ್ಪ ಖಾಲಿ ಜಾಗವೂ ಬೇಕು. ಆದ್ದರಿಂದ ಫ್ರೇಮ್‌ನ ಅಗಲ 5 ಮೀಟರ್ ಎಂದು ಹಿಡಿಯುವುದು ಅನುಕೂಲ. ಲೆಕ್ಕ ಸರಳ: ಮೀಟರ್‌ನಲ್ಲಿರುವ ಅಂತರವನ್ನು ಸೆನ್ಸರ್‌ನ (ಬಾಡಿಯೊಳಗೆ ಚಿತ್ರ ಮೂಡುವ ಚಿಪ್) ಮಿಲಿಮೀಟರ್ ಅಗಲದಿಂದ ಗುಣಿಸಿ 5ರಿಂದ ಭಾಗಿಸಿದರೆ ಬೇಕಾದ ಫೋಕಲ್ ಲೆಂಗ್ತ್ (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂಬುದರ ಮಿ.ಮೀ. ಅಳತೆ) ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿ.ಮೀ., ಎಪಿಎಸ್-ಸಿ ಸೆನ್ಸರ್‌ನದು ಸುಮಾರು 23.5 ಮಿ.ಮೀ. (ಕ್ಯಾನನ್‌ನದು ಇನ್ನೂ ಕೊಂಚ ಕಡಿಮೆ).

ಮೇಲಿನ ಡ್ರೆಸಾಜ್ ಅಂಗಳಕ್ಕೆ ಇದನ್ನು ಹಚ್ಚಿ ನೋಡಿ. 25 ಮೀಟರ್‌ಗೆ ಫುಲ್ ಫ್ರೇಮ್‌ನಲ್ಲಿ 180 ಮಿ.ಮೀ., ಎಪಿಎಸ್-ಸಿಯಲ್ಲಿ ಸುಮಾರು 118 ಮಿ.ಮೀ. ಬೇಕಾಗುತ್ತದೆ. 39 ಮೀಟರ್‌ನ ಮೂಲೆಗೆ ಫುಲ್ ಫ್ರೇಮ್‌ನಲ್ಲಿ 280 ಮಿ.ಮೀ., ಎಪಿಎಸ್-ಸಿಯಲ್ಲಿ ಸುಮಾರು 183 ಮಿ.ಮೀ. ಸಾಕು. ಹೀಗಾಗಿ ಎಪಿಎಸ್-ಸಿ ಬಾಡಿಯ ಮೇಲೆ ಒಂದು 70-200 ಮಿ.ಮೀ. ಲೆನ್ಸ್ ಇಟ್ಟರೆ ಇಡೀ ಅಂಗಳ ಕೈಗೆಟುಕುತ್ತದೆ. ಫುಲ್ ಫ್ರೇಮ್‌ನಲ್ಲಿ ಅದೇ ಲೆನ್ಸ್ ಮೂಲೆಗಳಲ್ಲಿ ಸೋಲುತ್ತದೆ. ರೇಸ್ ಕೋರ್ಸ್‌ನಲ್ಲಿ ಕುದುರೆ 80 ಮೀಟರ್ ದೂರವಿದ್ದರೆ ಎಪಿಎಸ್-ಸಿಗೂ 376 ಮಿ.ಮೀ. ಬೇಕು, ಅಲ್ಲಿಗೆ 400ರವರೆಗೆ ಹೋಗುವ ಜೂಮ್ ಅನಿವಾರ್ಯ.

ಹತ್ತಿರದ ಸಂಖ್ಯೆಯ ವಿಷಯದಲ್ಲಿ ಒಂದು ಎಡವಟ್ಟು ಇದೆ. 5 ಮೀಟರ್‌ಗೆ ಲೆಕ್ಕ ಹಾಕಿದರೆ 24 ಅಥವಾ 36 ಮಿ.ಮೀ. ಎಂಬ ಉತ್ತರ ಬರುತ್ತದೆ, ಅದನ್ನು ನಂಬಿ ಹಲವರು ಕಿಟ್ ಲೆನ್ಸ್‌ನಿಂದಲೇ ಕುದುರೆಯ ಭಾವಚಿತ್ರ ತೆಗೆಯುತ್ತಾರೆ. ಎದುರಿನಿಂದ ತೆಗೆಯುವಾಗ ಮೂತಿ 2 ಮೀಟರ್ ದೂರದಲ್ಲಿದ್ದರೆ ಹಿಂಭಾಗ 4.4 ಮೀಟರ್ ದೂರದಲ್ಲಿರುತ್ತದೆ. ಅಂದರೆ ತಲೆ ಹಿಂಭಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಮೂಡುತ್ತದೆ. ಕುದುರೆ ದೊಡ್ಡ ತಲೆಯ, ಸಣಕಲು ಸೊಂಟದ ಪ್ರಾಣಿಯಾಗುತ್ತದೆ. 12 ಮೀಟರ್ ಹಿಂದೆ ಸರಿದರೆ ಆ ವ್ಯತ್ಯಾಸ 1.2 ಪಟ್ಟಿಗೆ ಇಳಿಯುತ್ತದೆ. ಈ ವಿಕಾರಕ್ಕೆ ಕಾರಣ ಅಂತರವೇ ಹೊರತು ಲೆನ್ಸ್ ಅಲ್ಲ; ಆದರೆ ಹಿಂದೆ ಸರಿದು ನಿಲ್ಲಲು ಉದ್ದದ ಲೆನ್ಸ್ ಬೇಕು. ಮಾರಾಟಕ್ಕಾಗಿ ಕುದುರೆಯ ಮೈಕಟ್ಟು ತೋರಿಸುವ ಚಿತ್ರ ತೆಗೆಯುವವರಿಗೆ ಇದು ಮೊದಲ ನಿಯಮ.

ಹಂತ 3: ಬೆಳಕಿನಿಂದ ಅಪರ್ಚರ್ ನಿರ್ಧರಿಸಿ

ಶಟರ್ ವೇಗವನ್ನು (ಚಿತ್ರಕ್ಕೆ ಬೆಳಕು ಬೀಳುವ ಅವಧಿ) ಕುದುರೆಯ ನಡೆ ನಿರ್ಧರಿಸುತ್ತದೆ. ನಡಿಗೆಗೆ 1/250, ಟ್ರಾಟ್‌ಗೆ (ಕುಕ್ಕುಲೋಟ) 1/500ರಿಂದ 1/640, ಕ್ಯಾಂಟರ್‌ಗೆ (ಟ್ರಾಟ್‌ಗಿಂತ ವೇಗದ, ನಾಗಾಲೋಟಕ್ಕಿಂತ ನಿಧಾನದ ಓಟ) 1/1000, ನಾಗಾಲೋಟಕ್ಕೂ ಜಿಗಿತಕ್ಕೂ 1/1600ರಿಂದ 1/2000 ಸೆಕೆಂಡ್ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ರೇಸ್ ಕುದುರೆ 1/1000 ಸೆಕೆಂಡಿನಲ್ಲಿ ಸುಮಾರು 17 ಮಿ.ಮೀ. ಮುಂದೆ ಹೋಗಿರುತ್ತದೆ. ಇದು ಮೈಯ ಲೆಕ್ಕ ಮಾತ್ರ. ಗೊರಸು ನೆಲ ಮುಟ್ಟಿದಾಗ ನಿಶ್ಚಲವಾಗಿರುವುದರಿಂದ, ಗಾಳಿಯಲ್ಲಿರುವಾಗ ಅದು ಮೈಗಿಂತ ವೇಗವಾಗಿ ಮುಂದಕ್ಕೆ ಬೀಸಲೇಬೇಕು. ಮುಖ ಸ್ಪಷ್ಟವಿದ್ದು ಮುಂಗಾಲು ಮಾತ್ರ ಮಸುಕಾದ ಚಿತ್ರಗಳ ಕಾರಣ ಇದೇ, ಅದಕ್ಕೆ ಫೋಕಸನ್ನು ದೂರಬಾರದು.

ಈಗ ಅಪರ್ಚರ್, ಅಂದರೆ ಲೆನ್ಸ್ ಬೆಳಕನ್ನು ಒಳಬಿಡುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಪೂರ್ಣ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 400, ಎಫ್/5.6 ಇಟ್ಟರೆ ಸುಮಾರು 1/3200 ಸಿಗುತ್ತದೆ, ಆದ್ದರಿಂದ ಹಗಲಿನಲ್ಲಷ್ಟೇ ತೆಗೆಯುವವರು ದುಬಾರಿ ಎಫ್/2.8 ಲೆನ್ಸ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಬೆಳಕು ಇಳಿದಾಗ ಲೆಕ್ಕ ಬದಲಾಗುತ್ತದೆ. ಎಫ್/2.8ರಲ್ಲಿ ಐಎಸ್‌ಒ 3200 ಸಾಕಾಗುವ ಸಂಜೆಯಲ್ಲಿ ಅದೇ ಶಟರ್ ವೇಗಕ್ಕೆ ಎಫ್/5.6 ಲೆನ್ಸ್ 12,800 ಕೇಳುತ್ತದೆ, ಎಫ್/8 ಲೆನ್ಸ್ 25,600 ಕೇಳುತ್ತದೆ. ಅಗ್ಗದ ಜೂಮ್‌ಗಳು ಪೂರ್ತಿ ಚಾಚಿದಾಗ ಎಫ್/6.3, ಎಫ್/7.1 ಅಥವಾ ಎಫ್/8ಕ್ಕೆ ಇಳಿದುಬಿಡುತ್ತವೆ ಎಂಬುದನ್ನು ಪೆಟ್ಟಿಗೆಯ ಮೇಲಿನ ಎರಡನೆಯ ಸಂಖ್ಯೆಯಲ್ಲಿ ನೋಡಿಕೊಳ್ಳಿ. ಮೊದಲ ಸಂಖ್ಯೆಯನ್ನಷ್ಟೇ ಓದಿ ಕೊಳ್ಳುವುದು ಬಹಳ ಸಾಮಾನ್ಯ ತಪ್ಪು.

ಎಫ್/2.8 ಇದ್ದಮಾತ್ರಕ್ಕೆ ಸದಾ ಅದರಲ್ಲೇ ತೆಗೆಯಬೇಕೆಂದೂ ಅಲ್ಲ. ಫುಲ್ ಫ್ರೇಮ್ ಬಾಡಿಯಲ್ಲಿ 200 ಮಿ.ಮೀ., ಎಫ್/2.8, 10 ಮೀಟರ್ ಅಂತರ ಎಂದಾದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 40 ಸೆಂ.ಮೀ. ಮಾತ್ರ. ಕುದುರೆ ನೇರ ನಿಮ್ಮತ್ತ ಬರುವಾಗ ಅದರ ಕಣ್ಣಿಗೂ ಸವಾರನ ಮುಖಕ್ಕೂ ನಡುವಿನ ಅಂತರ ಅದಕ್ಕಿಂತ ಹೆಚ್ಚು. ಹಾಗಾಗಿ ಇಬ್ಬರಲ್ಲಿ ಒಬ್ಬರು ಮಸುಕಾಗುವುದು ಖಚಿತ. ಇಂಥ ಚಿತ್ರಗಳಿಗೆ ಎಫ್/4ರಿಂದ ಎಫ್/5.6ರ ನಡುವೆ ಇದ್ದು, ಸಾಧ್ಯವಾದರೆ ಕೆಲವು ಮೀಟರ್ ಹಿಂದೆ ಸರಿಯುವುದೇ ಲೇಸು.

ಹಂತ 4: ಹಣ ಹಂಚಿ, ಲೆನ್ಸ್ ಆರಿಸಿ

ಒಟ್ಟು ಹಣದಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತು ಭಾಗ ಲೆನ್ಸ್‌ಗೆ, ಹತ್ತು ಭಾಗ ಕಾರ್ಡ್, ಬ್ಯಾಟರಿ ಮುಂತಾದ ಚಿಲ್ಲರೆ ಸಾಮಾನಿಗೆ, ಉಳಿದದ್ದು ಬಾಡಿ ಕೊಳ್ಳಲು ಎಂದು ಹಂಚಿಬಿಡಿ. ಅಂಗಡಿಯವರು ಇದಕ್ಕೆ ತದ್ವಿರುದ್ಧವಾಗಿ, ಹೊಸ ಬಾಡಿಯೊಂದಿಗೆ ಎರಡು ಕಿಟ್ ಲೆನ್ಸ್ ಸೇರಿಸಿದ ಜೋಡಿಯನ್ನು ಮುಂದಿಡುತ್ತಾರೆ. ಆ ಎರಡನೆಯ ಲೆನ್ಸ್ ಕುದುರೆಗೆ ಸಾಕಾಗುವುದು ಒಳ್ಳೆಯ ಬಿಸಿಲಿನಲ್ಲಿ ಮಾತ್ರ.

ಸವಾರಿ ಅಂಗಳ ಮತ್ತು ಜಂಪಿಂಗ್‌ಗೆ 70-200 ವರ್ಗದ ಲೆನ್ಸ್ ಮೊದಲ ಆಯ್ಕೆ. ಚಾವಣಿಯ ಕೆಳಗೆ ಅಥವಾ ದೀಪದಲ್ಲಿ ತೆಗೆಯುವವರು ಎಫ್/2.8 ಬಿಟ್ಟು ಬೇರೆ ನೋಡಬಾರದು. ಬಯಲಿನಲ್ಲಿ ತೆಗೆಯುವವರಿಗೆ ಎಫ್/4 ಹಗುರ, ಅಗ್ಗ ಮತ್ತು ಸಾಕಷ್ಟು ಒಳ್ಳೆಯದು. ರೇಸ್ ಕೋರ್ಸ್‌ನ ಹಗಲು ಓಟಕ್ಕೆ 100-400 ವರ್ಗ ಸರಿ.

ಹಳೆಯ ಲೆನ್ಸ್‌ಗಳನ್ನು ಕಡೆಗಣಿಸಬೇಡಿ, ಆದರೆ ಹೊಂದಾಣಿಕೆ ನೋಡಿ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್‌ಗಳು ಅಡಾಪ್ಟರ್ (ನಡುವೆ ಜೋಡಿಸುವ ಉಂಗುರ) ಮೂಲಕ ಹೊಸ ಆರ್‌ಎಫ್ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಸೆಕೆಂಡ್ ಹ್ಯಾಂಡ್ ಇಎಫ್ 70-200 ಎಫ್/4 ಇಂದಿಗೂ ಕೊಟ್ಟ ಹಣಕ್ಕೆ ಮೋಸವಿಲ್ಲದ ಸರಕು. ನಿಕಾನ್‌ನಲ್ಲಿ ಎಚ್ಚರ ಬೇಕು. ಎಎಫ್-ಎಸ್ ಲೆನ್ಸ್‌ಗಳು ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ಮಾಡುತ್ತವೆ, ಆದರೆ ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ಮಾಡುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಎಎಫ್-ಡಿ 80-200 ಕೊಂಡವರು ಓಡುವ ಕುದುರೆಗೆ ಕೈಯಿಂದ ಫೋಕಸ್ ತಿರುಗಿಸುತ್ತಾ ನಿಲ್ಲಬೇಕಾಗುತ್ತದೆ.

ಲೆನ್ಸ್‌ನಲ್ಲಾಗಲಿ ಬಾಡಿಯಲ್ಲಾಗಲಿ ಇರುವ ಸ್ಟೆಬಿಲೈಸೇಶನ್‌ಗೆ ಇಲ್ಲಿ ಹೆಚ್ಚು ಬೆಲೆ ಕೊಡಬೇಕಿಲ್ಲ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಕುದುರೆಯ ಓಟವನ್ನಲ್ಲ. 1/1000ರಲ್ಲಿ ಕೈ ನಡುಕ ಹೇಗೂ ಕಾಣುವುದಿಲ್ಲ.

ಹಂತ 5: ಬಾಡಿಯಲ್ಲಿ ನೋಡಬೇಕಾದ ನಾಲ್ಕು ಗುಣಗಳು

ಮೆಗಾಪಿಕ್ಸೆಲ್ ಈ ನಾಲ್ಕರಲ್ಲಿ ಇಲ್ಲ. 20ರಿಂದ 26 ಮೆಗಾಪಿಕ್ಸೆಲ್ ಇರುವ ಯಾವ ಬಾಡಿಯಾದರೂ ಗೋಡೆಗೆ ಹಾಕುವ ದೊಡ್ಡ ಮುದ್ರಣಕ್ಕೆ ಸಾಕು. ವಿಡಿಯೊ ಗುಣಗಳ ಪಟ್ಟಿಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲನೆಯದು ಆಟೊಫೋಕಸ್. ಪಕ್ಕದಿಂದ ಹಾದುಹೋಗುವ ಕುದುರೆ ಕ್ಯಾಮೆರಾಕ್ಕೆ ಸುಲಭ, ಏಕೆಂದರೆ ಅಂತರ ಹೆಚ್ಚು ಬದಲಾಗುವುದಿಲ್ಲ. ನಿಮ್ಮತ್ತ ಓರೆಯಾಗಿ ಅಥವಾ ನೇರವಾಗಿ ಬರುವ ಕುದುರೆಯೇ ನಿಜವಾದ ಪರೀಕ್ಷೆ. ಈಚಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿಗಳು ಪ್ರಾಣಿಗಳನ್ನು ಗುರುತಿಸುತ್ತವೆ, ಆದರೆ 'ಪ್ರಾಣಿ' ಎಂಬ ಪದದಡಿ ಹಲವು ಬಾಡಿಗಳು ಕಲಿತಿರುವುದು ನಾಯಿ, ಬೆಕ್ಕು ಮತ್ತು ಹಕ್ಕಿಗಳನ್ನು. ಕ್ಯಾನನ್ ಆರ್6 ಮಾರ್ಕ್ 2 ಮತ್ತು ಆರ್8 ಬಾಡಿಗಳ ಪಟ್ಟಿಯಲ್ಲಿ ಕುದುರೆಯನ್ನು ಹೆಸರಿಸಲಾಗಿದೆ. ಉಳಿದವು ಕುದುರೆಯನ್ನು ಹಿಡಿಯುವುದೇ ಇಲ್ಲವೆಂದಲ್ಲ, ಎಷ್ಟರ ಮಟ್ಟಿಗೆ ಹಿಡಿಯುತ್ತವೆ ಎಂಬುದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಸವಾರನಿದ್ದಾಗ ಮತ್ತೊಂದು ತೊಡಕು: ಕ್ಯಾಮೆರಾವನ್ನು 'ಮನುಷ್ಯ' ಎಂಬ ಆಯ್ಕೆಯಲ್ಲಿ ಬಿಟ್ಟಿದ್ದರೆ ಅದು ಹೆಲ್ಮೆಟ್ ಕೆಳಗಿನ ಮುಖವನ್ನು ಹುಡುಕಿಕೊಂಡು ಹೋಗುತ್ತದೆ, ಕುದುರೆಯ ಕಣ್ಣು ಮಸುಕಾಗುತ್ತದೆ. ಗುರುತಿಸುವ ಸೌಲಭ್ಯವನ್ನು ಒಂದೇ ಗುಂಡಿಯಿಂದ ನಿಲ್ಲಿಸಿ, ಚಿಕ್ಕ ಚೌಕದ ಫೋಕಸ್‌ಗೆ ಮರಳಲು ಬರುತ್ತದೆಯೇ ಎಂಬುದು ಆದ್ದರಿಂದ ಮುಖ್ಯ. ಫೋಕಸ್‌ಗೆ ಆಯ್ದ ಜಾಗದಲ್ಲಿ ಕಪ್ಪು-ಬಿಳುಪಿನ ಒಂದಿಷ್ಟು ವ್ಯತ್ಯಾಸವಿರಬೇಕು. ಕಪ್ಪು ಕುದುರೆಯ ನಯವಾದ ಪಕ್ಕೆಯ ಮೇಲೆ ಚೌಕ ಇಟ್ಟರೆ ಒಳ್ಳೆಯ ಕ್ಯಾಮೆರಾವೂ ತಡಕಾಡುತ್ತದೆ, ಕೆನ್ನೆಯ ಮೇಲೆ ಹಾದುಹೋಗುವ ಕಡಿವಾಣದ ಪಟ್ಟಿಯ ಮೇಲಿಟ್ಟರೆ ಕೂಡಲೇ ಹಿಡಿಯುತ್ತದೆ.

ಎರಡನೆಯದು ಬರ್ಸ್ಟ್ ವೇಗ, ಅಂದರೆ ಸೆಕೆಂಡಿಗೆ ಸಾಲಾಗಿ ತೆಗೆಯುವ ಚಿತ್ರಗಳ ಸಂಖ್ಯೆ. ನಾಗಾಲೋಟದಲ್ಲಿ ನಾಲ್ಕೂ ಕಾಲು ಒಮ್ಮೆ ಆಡುವ ಒಂದು ಸುತ್ತಿಗೆ ಸುಮಾರು 0.4 ಸೆಕೆಂಡ್ ಹಿಡಿಯುತ್ತದೆ, ಕ್ಯಾಂಟರ್‌ನಲ್ಲಿ ಸುಮಾರು 0.6 ಸೆಕೆಂಡ್. ಸೆಕೆಂಡಿಗೆ 5 ಚಿತ್ರ ತೆಗೆಯುವ ಬಾಡಿಯಲ್ಲಿ ನಾಗಾಲೋಟದ ಒಂದು ಸುತ್ತಿಗೆ ಎರಡೇ ಚಿತ್ರ ಸಿಗುತ್ತವೆ. 10 ಇದ್ದರೆ ನಾಲ್ಕು, 15 ಇದ್ದರೆ ಆರು. ಇದು ಅಂಕಿಯ ಹುಚ್ಚಲ್ಲ. ಕುದುರೆ ಬಲ್ಲವರು ಚಿತ್ರದಲ್ಲಿ ಮೊದಲು ನೋಡುವುದು ಕಾಲುಗಳನ್ನು. ಕ್ಯಾಂಟರ್‌ನ ಕೊನೆಯ ತಾಳದಲ್ಲಿ ಒಂದೇ ಮುಂಗಾಲು ನೆಲದ ಮೇಲಿದ್ದು, ಕತ್ತು ಕೆಳಗಾಗಿ, ಕುದುರೆ ಮುಗ್ಗರಿಸುವಂತೆ ಕಾಣುತ್ತದೆ. ಟ್ರಾಟ್‌ನಲ್ಲಿ ಕರ್ಣಾಕಾರದ ಜೋಡಿ ಕಾಲುಗಳು ಪೂರ್ತಿ ಚಾಚಿದ ಕ್ಷಣವೇ ಬೇಕು. ಎಷ್ಟೇ ಸ್ಪಷ್ಟವಿದ್ದರೂ ಕಾಲು ತಪ್ಪಾದ ಚಿತ್ರವನ್ನು ಕುದುರೆಯ ಮಾಲೀಕರು ಕೊಳ್ಳುವುದಿಲ್ಲ. ಮೊದಲ ಕ್ಯಾಮೆರಾಕ್ಕೆ ಸೆಕೆಂಡಿಗೆ 10 ಚಿತ್ರ ಒಳ್ಳೆಯ ಮಟ್ಟ, 8 ಕನಿಷ್ಠ.

ಮೂರನೆಯದು ಶಟರ್‌ನ ಬಗೆ, ಹೊಸಬರು ಅತಿ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಜಾಹೀರಾತಿನಲ್ಲಿ ಸೆಕೆಂಡಿಗೆ 30, 40 ಚಿತ್ರ ಎಂದಿರುವುದು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಶಟರ್‌ನ ಅಂಕಿ. ಆಗ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತಾ ಬರುತ್ತದೆ. ಇಡೀ ಸೆನ್ಸರ್ ಓದಲು 1/30 ಸೆಕೆಂಡ್ ಹಿಡಿಯುವ ಬಾಡಿಯಲ್ಲಿ, ಗಂಟೆಗೆ 60 ಕಿ.ಮೀ. ವೇಗದ ಕುದುರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಅರ್ಧ ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿಬಿಟ್ಟಿರುತ್ತದೆ. ಶಟರ್ ವೇಗ 1/4000 ಇಟ್ಟರೂ ಈ ದೋಷ ಹೋಗುವುದಿಲ್ಲ, ಏಕೆಂದರೆ ಪ್ರತಿಯೊಂದು ಸಾಲು ಸ್ಪಷ್ಟವಾಗಿಯೇ ಇರುತ್ತದೆ, ಸಾಲುಗಳು ಮಾತ್ರ ಒಂದೇ ಕ್ಷಣದವಲ್ಲ. ಗುರುತು ಹೀಗಿದೆ: ಕುದುರೆಯನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುತ್ತಾ ತೆಗೆದ ಜಂಪಿಂಗ್ ಚಿತ್ರದಲ್ಲಿ ನೆಟ್ಟಗಿರಬೇಕಾದ ಅಡ್ಡಗಂಬದ ಆಧಾರಗಳು, ಬೇಲಿಯ ಕಂಬಗಳು ಎಲ್ಲವೂ ಒಂದೇ ದಿಕ್ಕಿಗೆ ವಾಲಿರುತ್ತವೆ, ಕುದುರೆಯ ಕೆಳಗಾಲು ಎಲ್ಲೂ ಇಲ್ಲದ ಕೋನದಲ್ಲಿ ಬಾಗಿರುತ್ತದೆ. ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್ ಇರುವ ದುಬಾರಿ ಬಾಡಿಗಳಲ್ಲಿ ಇದು ಬಹಳ ಕಡಿಮೆ. ಉಳಿದ ಎಲ್ಲ ಬಾಡಿಗಳಲ್ಲೂ ಓಟಕ್ಕೆ ಮೆಕ್ಯಾನಿಕಲ್ ಶಟರ್‌ನ (ಪರದೆ ನಿಜವಾಗಿ ಆಡುವ ಬಗೆ) ಅಂಕಿಯನ್ನೇ ನಿಜವೆಂದು ಹಿಡಿಯಿರಿ. ಎಲೆಕ್ಟ್ರಾನಿಕ್ ಶಟರ್‌ನ ಮೌನ ಲಾಯದೊಳಗೆ ನಿಂತ ಕುದುರೆಯ ಹತ್ತಿರ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ನಾಲ್ಕನೆಯದು ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳನ್ನು ಹಿಡಿದಿಡುವ ತಾತ್ಕಾಲಿಕ ಜಾಗ. ಸೆಕೆಂಡಿಗೆ 15 ಚಿತ್ರ, ಒಂದೊಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) 25 ಎಂಬಿ ಎಂದರೆ ಸೆಕೆಂಡಿಗೆ 375 ಎಂಬಿ. ಸಾಮಾನ್ಯ ವಿ30 ಕಾರ್ಡ್ ಖಾತ್ರಿ ಕೊಡುವುದು ಸೆಕೆಂಡಿಗೆ 30 ಎಂಬಿ ಮಾತ್ರ. ಉಳಿದದ್ದೆಲ್ಲ ಬಾಡಿಯ ಒಳಗಿನ ಬಫರ್‌ನಲ್ಲಿ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಕ್ಯಾಮೆರಾ ತೆವಳುತ್ತದೆ. ಸರಿಯಾಗಿ ಕುದುರೆ ಅಡ್ಡಗಂಬದ ಮೇಲಿರುವಾಗಲೇ ತೆವಳುವುದು ಅದರ ವಾಡಿಕೆ.

ಹಂತ 6: ಹೆಸರುಗಳಿಗೆ ಬನ್ನಿ

ಹೊಸ ಎಪಿಎಸ್-ಸಿ ಬಾಡಿಗಳಲ್ಲಿ 2022ರ ಕ್ಯಾನನ್ ಆರ್10 ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ 15 ಚಿತ್ರ ಕೊಡುತ್ತದೆ. ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಒಂದೇ ಕಾರ್ಡ್ ಜಾಗ, ಆದರೂ ಹಳೆಯ ಇಎಫ್ 70-200 ಜೊತೆ ಸೇರಿದರೆ ಕಲಿಯುವವರಿಗೆ ನಾನು ಮೊದಲು ಸೂಚಿಸುವ ಜೋಡಿ ಇದು. ಅದೇ ವರ್ಷದ ಆರ್7ರಲ್ಲಿ ಎರಡು ಕಾರ್ಡ್ ಜಾಗಗಳಿವೆ. ಹಣ ಪಡೆದು ಸ್ಪರ್ಧೆಗಳ ಚಿತ್ರ ತೆಗೆಯುವ ಯೋಚನೆಯಿದ್ದರೆ ಅದರ ಹೆಚ್ಚಿನ ಬೆಲೆ ಸಮರ್ಥನೀಯ. 2024ರ ನಿಕಾನ್ ಝಡ್50 ಎರಡನೆಯ ಮಾದರಿ ಮತ್ತು 2023ರ ಸೋನಿ ಎ6700 ಎರಡೂ ಸೆಕೆಂಡಿಗೆ 11ರ ಆಸುಪಾಸಿನಲ್ಲಿವೆ. ಸೋನಿಯ ಅನುಕೂಲ ಲೆನ್ಸ್‌ಗಳಲ್ಲಿದೆ, ಟ್ಯಾಮ್ರಾನ್ 70-180 ಎಫ್/2.8ನಂಥ ಹಗುರವಾದ ಲೆನ್ಸ್‌ಗಳು ಅದಕ್ಕೆ ಸಿಗುತ್ತವೆ.

ಫುಲ್ ಫ್ರೇಮ್ ಬೇಕೇಬೇಕೆನ್ನುವವರು 2023ರ ಕ್ಯಾನನ್ ಆರ್8 ಕಡೆ ವಾಲುತ್ತಾರೆ. ಅದರ 40ರ ಅಂಕಿ ಎಲೆಕ್ಟ್ರಾನಿಕ್ ಶಟರ್‌ನದು. ಎಲೆಕ್ಟ್ರಾನಿಕ್ ಮೊದಲ ಪರದೆಯ ಶಟರ್‌ನಲ್ಲಿ (ಆರಂಭ ಎಲೆಕ್ಟ್ರಾನಿಕ್, ಮುಕ್ತಾಯ ಮೆಕ್ಯಾನಿಕಲ್) ಸಿಗುವುದು ಸೆಕೆಂಡಿಗೆ 6 ಮಾತ್ರ. ಕುದುರೆಯನ್ನು ಗುರುತಿಸುವ ಆಟೊಫೋಕಸ್ ಇದ್ದೂ ಓಟಕ್ಕೆ ಅದು ಅರೆಬರೆ. ಆರ್6 ಮಾರ್ಕ್ 2 ಮೆಕ್ಯಾನಿಕಲ್‌ನಲ್ಲಿ 12 ಕೊಡುತ್ತದೆ, ಆದರೆ ಅದನ್ನು ಕೊಂಡ ಮೇಲೆ ಲೆನ್ಸ್‌ಗೆ ಹಣ ಉಳಿಯದಿದ್ದರೆ ನಾಲ್ಕನೆಯ ಹಂತಕ್ಕೆ ಹಿಂದಿರುಗಿ.

ಕೈ ಬಿಗಿಯಿರುವವರು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾ) ಎಂದರೆ ಮೂಗು ಮುರಿಯಬಾರದು. 2016ರ ನಿಕಾನ್ ಡಿ500 ಸೆಕೆಂಡಿಗೆ 10 ಚಿತ್ರ, 153 ಫೋಕಸ್ ಬಿಂದು, ದೊಡ್ಡ ಬಫರ್ ಹೊಂದಿದ ಕಟ್ಟುಮಸ್ತಾದ ಬಾಡಿ; 2014ರ ಕ್ಯಾನನ್ 7ಡಿ ಮಾರ್ಕ್ 2 ಕೂಡ 10 ಕೊಡುತ್ತದೆ, ಕತ್ತಲಲ್ಲಿ ಮಾತ್ರ ಅದರ ಚಿತ್ರ ಬೇಗ ಕಾಳುಕಾಳಾಗುತ್ತದೆ. ಕನ್ನಡಿಯ ಸದ್ದಿಗೆ ಕೆಲವು ಎಳೆಯ ಕುದುರೆಗಳು ಕಿವಿ ಹೊರಳಿಸುತ್ತವೆ ಎಂಬುದನ್ನು ನೆನಪಿಡಿ.

ಹಂತ 7: ಚಿಲ್ಲರೆ ಸಾಮಾನು

ಬಾಡಿ ಒಪ್ಪುವುದಾದರೆ ವಿ60 ಅಥವಾ ವಿ90 ದರ್ಜೆಯ ಯುಎಚ್‌ಎಸ್-2 (ಹೆಚ್ಚು ವೇಗದ ಬಗೆಯ) ಕಾರ್ಡ್ ಎರಡು, ಹೆಚ್ಚುವರಿ ಬ್ಯಾಟರಿ ಒಂದು, ಎಫ್/2.8 ಲೆನ್ಸ್ ಆದರೆ ಮಾನೊಪಾಡ್ (ಒಂಟಿ ಕಾಲಿನ ಆಧಾರ) ಒಂದು. ಟ್ರೈಪಾಡ್ ಬೇಡ, ಅದರ ಕಾಲುಗಳು ಅಂಗಳದ ಅಂಚಿನಲ್ಲಿ ನಿಮಗೂ ಕುದುರೆಗೂ ಅಪಾಯ. ಫ್ಲ್ಯಾಶ್ ಕೊಳ್ಳಲೇಬೇಡಿ. ಮಳೆ ಹೊದಿಕೆಯನ್ನು ಬಟ್ಟೆಯದ್ದನ್ನೇ ಕೊಳ್ಳಿ, ಪ್ಲಾಸ್ಟಿಕ್ ಚೀಲ ಗಾಳಿಗೆ ಪಟಪಟ ಎಂದರೆ ಸವಾರ ನೆಲಕ್ಕೆ ಬೀಳುವ ಸಾಧ್ಯತೆ ಇದೆ. ಅಂಗಳದ ಮರಳು ಧೂಳಾಗಿ ಹಾರುವ ಜಾಗದಲ್ಲಿ ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಕಾರಿನೊಳಗೆ ಕುಳಿತು ಮಾಡಿ.

ಹಂತ 8: ಬಾಡಿಗೆಗೆ ತಂದು ಕುದುರೆಯ ಮುಂದೆಯೇ ಪರೀಕ್ಷಿಸಿ

ಬೆಂಗಳೂರಿನಂಥ ಊರುಗಳಲ್ಲಿ ದಿನದ ಲೆಕ್ಕದಲ್ಲಿ ಕ್ಯಾಮೆರಾ ಬಾಡಿಗೆ ಕೊಡುವ ಅಂಗಡಿಗಳಿವೆ. ಮನಸ್ಸಿಗೆ ಬಂದ ಬಾಡಿ ಮತ್ತು ಲೆನ್ಸನ್ನು ಒಟ್ಟಿಗೇ ತನ್ನಿ, ಬೇರೆ ಲೆನ್ಸ್‌ನಿಂದ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ. ಅಂಗಡಿಯ ಎದುರಿನ ರಸ್ತೆಯಲ್ಲಿ ಸ್ಕೂಟರ್‌ಗಳನ್ನು ತೆಗೆದು ನೋಡುವುದೂ ಪರೀಕ್ಷೆಯಲ್ಲ. ಸ್ಕೂಟರ್‌ನ ಮುಂಭಾಗ ಮೇಲೆ ಕೆಳಗೆ ಆಡುವುದಿಲ್ಲ, ಕುದುರೆಯ ತಲೆ ಪ್ರತಿ ಹೆಜ್ಜೆಗೂ ಆಡುತ್ತದೆ.

ಅಂಗಳಕ್ಕೆ ಹೋಗುವ ಮೊದಲು ತರಬೇತುದಾರರ ಅನುಮತಿ ಪಡೆಯಿರಿ, ಸೈಸ್ (ಕುದುರೆ ನೋಡಿಕೊಳ್ಳುವವರು) ಹೇಳಿದ ಕಡೆ ನಿಲ್ಲಿರಿ. ಕುದುರೆಗೆ ಸುತ್ತಲೂ ಕಾಣುತ್ತದೆ, ಕಾಣದಿರುವುದು ಹಣೆಯ ನೇರ ಮುಂದಿನ ಚಿಕ್ಕ ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ. ಹಿಂದಿನಿಂದ ಎಂದೂ ಹತ್ತಿರ ಹೋಗಬೇಡಿ. ಕ್ಯಾಮೆರಾದ ಪಟ್ಟಿ ತೂಗಾಡದಂತೆ ಕೈಗೆ ಸುತ್ತಿಕೊಳ್ಳಿ.

ಪರೀಕ್ಷೆಯನ್ನು ಈ ಕ್ರಮದಲ್ಲಿ ಮಾಡಿ. ನಿರಂತರ ಫೋಕಸ್, ಮೆಕ್ಯಾನಿಕಲ್ ಶಟರ್, ರಾ ಫೈಲ್, 1/1600, ಎಫ್/4 ಅಥವಾ ಲೆನ್ಸ್‌ನ ಅತಿ ದೊಡ್ಡ ಅಪರ್ಚರ್ ಹೊಂದಿಸಿ. ಮೊದಲು ಪಕ್ಕದಿಂದ ಹಾದುಹೋಗುವ ಟ್ರಾಟ್ ತೆಗೆಯಿರಿ. ಆಮೇಲೆ ಅಂಗಳದ ಮೂಲೆಯಿಂದ ನಿಮ್ಮತ್ತ ಓರೆಯಾಗಿ ಬರುವ ಕ್ಯಾಂಟರನ್ನು ದೂರದಿಂದ ಹತ್ತಿರ ಬರುವವರೆಗೆ ಬಿಡದೆ ತೆಗೆಯಿರಿ, ಇದನ್ನು ಹಲವು ಬಾರಿ ಮಾಡಿ. ನಂತರ ಕುದುರೆಯ ಹಿಂದೆ ಮರ, ಬೇಲಿ ಅಥವಾ ಜನ ಇರುವ ದಿಕ್ಕನ್ನು ಬೇಕೆಂದೇ ಆರಿಸಿ ಮತ್ತೆ ತೆಗೆಯಿರಿ. ಕಪ್ಪು ಅಥವಾ ಕಡುಗಂದು ಕುದುರೆ, ಬಿಳಿ ಕುದುರೆ ಎರಡೂ ಸಿಕ್ಕರೆ ಒಳ್ಳೆಯದು. ಕಪ್ಪು ಕುದುರೆ ಫ್ರೇಮ್ ತುಂಬಿದಾಗ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ಎಕ್ಸ್‌ಪೋಶರ್ ತಿದ್ದುವ ಡಯಲ್ ವ್ಯೂಫೈಂಡರ್‌ನಿಂದ ಕಣ್ಣು ತೆಗೆಯದೆ ಬೆರಳಿಗೆ ಸಿಗುತ್ತದೆಯೇ ಎಂದು ಆಗಲೇ ನೋಡಿಕೊಳ್ಳಿ.

ಮನೆಗೆ ಬಂದು ಓರೆ ಕ್ಯಾಂಟರ್‌ನ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ 100 ಶೇಕಡಾ ದೊಡ್ಡದು ಮಾಡಿ, ಕುದುರೆಯ ಕಣ್ಣಿನ ರೆಪ್ಪೆಗೂದಲನ್ನು ನೋಡಿ. ಹತ್ತರಲ್ಲಿ ಏಳು ಚಿತ್ರಗಳಲ್ಲಿ ಕೂದಲು ಬಿಡಿಬಿಡಿಯಾಗಿ ಕಂಡರೆ ಆ ಜೋಡಿ ಸರಿ. ಮೊದಲ ಚಿತ್ರ ಸ್ಪಷ್ಟವಿದ್ದು ಹತ್ತಿರ ಬಂದಂತೆ ಫೋಕಸ್ ಕಣ್ಣಿನಿಂದ ಭುಜಕ್ಕೆ, ಭುಜದಿಂದ ಹಿಂಭಾಗಕ್ಕೆ ಜಾರುತ್ತಾ ಹೋಗಿದ್ದರೆ ಆಟೊಫೋಕಸ್ ಅಥವಾ ಲೆನ್ಸ್‌ನ ಮೋಟಾರ್ ಕುದುರೆಯ ವೇಗಕ್ಕೆ ಸಾಲುತ್ತಿಲ್ಲ ಎಂದು ಅರ್ಥ, ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಪೂರ್ತಿ ಸರಿಹೋಗದು. ಕಣ್ಣು, ಭುಜ, ಹಿಂಭಾಗ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಮಸುಕಾಗಿದ್ದರೆ ದೋಷ ಶಟರ್ ವೇಗದ್ದು, ಕ್ಯಾಮೆರಾದ್ದಲ್ಲ. ದೀಪದ ಬೆಳಕಿನಲ್ಲಿ ತೆಗೆದ ಸಾಲಿನಲ್ಲಿ ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿಯಾಗಿ ಮಬ್ಬಾಗಿ ಬಂದಿದ್ದರೆ ಅದು ದೀಪದ ಮಿನುಗು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಅದನ್ನು ತಪ್ಪಿಸುವ ಸೌಲಭ್ಯ ಬಾಡಿಯ ಮೆನುವಿನಲ್ಲಿದೆಯೇ ನೋಡಿ.

ಹಂತ 9: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಡಿಎಸ್‌ಎಲ್‌ಆರ್‌ನ ಶಟರ್ ಕೌಂಟ್ (ಶಟರ್ ಇದುವರೆಗೆ ಎಷ್ಟು ಬಾರಿ ಆಡಿದೆ ಎಂಬ ಲೆಕ್ಕ) ಕೇಳಿ. ಡಿ500 ಮತ್ತು 7ಡಿ ಮಾರ್ಕ್ 2ರ ಶಟರ್‌ಗಳನ್ನು 2,00,000 ಬಾರಿಗೆಂದು ಪರೀಕ್ಷಿಸಲಾಗಿದೆ. 1,50,000 ದಾಟಿದ್ದನ್ನು ತೀರಾ ಕಡಿಮೆ ಬೆಲೆಗೆ ಮಾತ್ರ ತೆಗೆದುಕೊಳ್ಳಿ. ಮಿರರ್‌ಲೆಸ್ ಬಾಡಿಯಲ್ಲಿ ಎಲೆಕ್ಟ್ರಾನಿಕ್ ಶಟರ್‌ನಿಂದ ತೆಗೆದ ಚಿತ್ರಗಳು ಮೆಕ್ಯಾನಿಕಲ್ ಶಟರನ್ನು ಸವೆಸುವುದಿಲ್ಲ, ಹಾಗಾಗಿ ಚಿಕ್ಕ ಸಂಖ್ಯೆಯೊಂದರಿಂದಲೇ ಬಾಡಿಯ ವಯಸ್ಸು ತಿಳಿಯುವುದಿಲ್ಲ. ಹಿಡಿಯ ರಬ್ಬರ್, ಗುಂಡಿಗಳ ಸವೆತ, ಕಾರ್ಡ್ ಜಾಗದ ಸ್ಥಿತಿ ನೋಡಿ.

ಲೆನ್ಸ್‌ನ ಒಂದು ಬದಿಯಿಂದ ಟಾರ್ಚ್ ಹಾಯಿಸಿ, ಅಪರ್ಚರ್ ಪೂರ್ತಿ ತೆರೆದು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ, ಕೊಳ್ಳದೆ ಹಿಂದಿರುಗಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಾಣುತ್ತದೆ; ಕೆಲವು ಚುಕ್ಕೆಗಳು ಸ್ವಚ್ಛ ಮಾಡಿದರೆ ಹೋಗುತ್ತವೆ, ಗೀರು ಹೋಗುವುದಿಲ್ಲ. ಜೂಮ್ ಉಂಗುರ ತಿರುಗಿಸುವಾಗ ಕಿರ್ ಎಂದರೆ ಒಳಗೆ ಮರಳು ಸೇರಿದೆ. ಸವಾರಿ ಅಂಗಳದಲ್ಲಿ ದುಡಿದ ಲೆನ್ಸ್‌ಗೆ ಈ ರೋಗ ಬಹಳ.

ಹೊಸದನ್ನೇ ಕೊಳ್ಳುವುದಾದರೆ ಭಾರತದ ವಾರಂಟಿ ಮತ್ತು ಜಿಎಸ್‌ಟಿ ಬಿಲ್ ಇಲ್ಲದ ಅಗ್ಗದ ಸರಕಿಗೆ ಕೈ ಹಾಕಬೇಡಿ. ಮನೆಗೆ ತಂದ ವಾರದೊಳಗೆ, ಅಂಗಡಿಯವರು ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲು, ಎಂಟನೆಯ ಹಂತದ ಓರೆ ಕ್ಯಾಂಟರ್ ಪರೀಕ್ಷೆಯನ್ನು ನಿಮ್ಮದೇ ಕ್ಯಾಮೆರಾದಲ್ಲಿ ಮತ್ತೊಮ್ಮೆ ಮಾಡಿ. ಬಾಡಿಗೆಗೆ ತಂದದ್ದರಲ್ಲಿ ಬಂದಷ್ಟು ಸ್ಪಷ್ಟ ಚಿತ್ರಗಳು ನಿಮ್ಮದರಲ್ಲಿ ಬಾರದಿದ್ದರೆ, ಎರಡೂ ಕಡೆಯ ಮೂಲ ಫೈಲ್‌ಗಳನ್ನು ಜೊತೆಗಿಟ್ಟುಕೊಂಡು ಕೂಡಲೇ ಅಂಗಡಿಗೆ ಹೋಗಿ.